ಸೀಟ್ ಕವರ್ ಕೆಳಗೆ ಹೂತುಹೋದ ಬಕಲ್

2016ರಲ್ಲಿ ಮೊದಲ ಕಾರು ತಗೊಂಡಾಗ, ಅದನ್ನು ಮನೆ ಮುಂದೆ ತಂದು ನಿಲ್ಲಿಸುವ ಮೊದಲೇ ಎರಡು ಕೆಲಸ ಮುಗಿಸಿದ್ದೆವು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದು ಒಂದು. ಜೆ.ಸಿ. ರೋಡಿಗೆ ಹೋಗಿ ಸೀಟ್ ಕವರ್ ಹಾಕಿಸಿದ್ದು ಇನ್ನೊಂದು.

ಕವರ್ ಹಾಕುತ್ತಿದ್ದ ಹುಡುಗ ಕೆಲಸದಲ್ಲಿ ಚುರುಕು. ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಬಕಲ್‌ಗಳನ್ನು ಒಂದೊಂದಾಗಿ ಸೀಟಿನ ಸಂದಿಯೊಳಗೆ ಒತ್ತಿದ. ಮೇಲಿಂದ ಕವರ್ ಎಳೆದು ಬಿಗಿದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. "ಅದು ಒಳಗೆ ಹೋಗ್ಬಿಡ್ತಲ್ಲಪ್ಪ" ಅಂದೆ. "ಹಿಂದೆ ಯಾರೂ ಹಾಕಲ್ಲ ಮೇಡಂ. ಮೇಲೆ ಬಿಟ್ರೆ ಕೂತಾಗ ಚುಚ್ಚತ್ತೆ" ಅಂದ. "ಸರಿ" ಅಂದೆ.

ಆ "ಸರಿ"ಯ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

2019ರ ಜನವರಿ. ಸಂಕ್ರಾಂತಿ ಮುಗಿಸಿ ತಿಪಟೂರಿನಿಂದ ವಾಪಸ್ ಬರುತ್ತಿದ್ದೆವು. ನಮ್ಮನೆಯವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಹಿಂದೆ ಚಿಕ್ಕಮ್ಮ ಮತ್ತು ಆಗ ಆರು ವರ್ಷದವಳಾಗಿದ್ದ ಮಗಳು. ಮಗಳು ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಚಿಕ್ಕಮ್ಮನ ತೊಡೆ ಮೇಲೆ ಕಾಲು ಹಾಕಿ ನಿದ್ದೆ ಮಾಡಿದ್ದಳು. ಚಿಕ್ಕಮ್ಮ ಎಂದಿನಂತೆ ಎರಡು ಸೀಟಿನ ಮಧ್ಯೆ ಮುಖ ತೂರಿಸಿಕೊಂಡು ಮಾತಾಡುತ್ತಿದ್ದರು. ಎಳ್ಳು-ಬೆಲ್ಲದ ಡಬ್ಬ ಕೈಯಲ್ಲೇ ಇತ್ತು. ದಾಬಸ್‌ಪೇಟೆ ದಾಟಿದ ಮೇಲೆ ಮುಂದಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತಿತು. ಇವರು ಪೂರ್ತಿ ಬ್ರೇಕ್ ಒತ್ತಿದರು. ನಾವು 80ರಲ್ಲಿ ಬರುತ್ತಿದ್ದೆವು, ಗುದ್ದುವ ಹೊತ್ತಿಗೆ 35-40ಕ್ಕೆ ಇಳಿದಿತ್ತೇನೋ. ದೊಡ್ಡ ಅಪಘಾತ ಅಂತ ಯಾರೂ ಕರೆಯುವಂಥದ್ದಲ್ಲ. ಬಾನೆಟ್ ಮಡಚಿತ್ತು, ಗಾಜು ಒಡೆದಿತ್ತು, ಅಷ್ಟೆ.

ನನ್ನ ಎಡ ಭುಜದಿಂದ ಬಲ ಸೊಂಟದವರೆಗೆ ಒಂದು ಅಗಲದ ಕಪ್ಪು ಪಟ್ಟಿ ಮೂಡಿತು. ಹದಿನೈದು ದಿನದಲ್ಲಿ ಮಾಸಿಹೋಯಿತು. ಮಗಳು ಕೆಳಗೆ ಕಾಲಿಡುವ ಜಾಗಕ್ಕೆ ಉರುಳಿ, ಮುಂದಿನ ಸೀಟಿನ ಬೆನ್ನಿಗೂ ಹಿಂದಿನ ಸೀಟಿಗೂ ಮಧ್ಯೆ ಸಿಕ್ಕಿಕೊಂಡಳು. ಹಣೆ ಊದಿತ್ತು, ಬೇರೇನೂ ಆಗಲಿಲ್ಲ. ಆ ಪುಣ್ಯಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಚಿಕ್ಕಮ್ಮ ಮಾತ್ರ ನಮ್ಮಿಬ್ಬರ ಮಧ್ಯದಿಂದ ಹಾದು ಮುಂದಕ್ಕೆ ಬಂದರು. ಹಾದು ಬಂದರು ಅನ್ನೋದೇ ಸರಿಯಾದ ಮಾತು. ಅವರ ಹೆಗಲು ನಮ್ಮನೆಯವರ ಎಡತೋಳಿಗೆ ಬಡಿಯಿತು, ಮುಖ ಡ್ಯಾಶ್‌ಬೋರ್ಡಿಗೆ. ಬಲಗೈ ಗೇರ್ ಹತ್ತಿರ ಎಲ್ಲೋ ಸಿಕ್ಕಿ ತಿರುಚಿತು. ಕಾರೊಳಗೆಲ್ಲ ಎಳ್ಳು ಚೆಲ್ಲಿತ್ತು. ಇಂಜಿನ್ನಿನಿಂದ ಬುಸ್ ಅಂತ ಆವಿ ಬರುತ್ತಿತ್ತು. ಆ ಸದ್ದಿನ ಮಧ್ಯೆ ಚಿಕ್ಕಮ್ಮ ಮೊದಲು ಕೇಳಿದ್ದು, "ಪಾಪು ಎಲ್ಲಿ?"

ಕೆನ್ನೆ ಮೂಳೆ ಮುರಿದಿತ್ತು. ಬಲಗೈ ಮಣಿಕಟ್ಟು ಎರಡು ಕಡೆ. ಮೊದಲು ನೆಲಮಂಗಲದಲ್ಲಿ, ಆಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಮೂಳೆ ಕೂಡಿತು. ಆದರೆ ಆ ಕೈ ಮೊದಲಿನಂತೆ ತಿರುಗುವುದಿಲ್ಲ. ನಮ್ಮ ಮನೆತನದಲ್ಲಿ ಗೋಕುಲಾಷ್ಟಮಿಗೆ ಚಕ್ಕುಲಿ ಅಂದರೆ ಚಿಕ್ಕಮ್ಮನದೇ. ಒರಳಿಗೆ ಹಿಟ್ಟು ತುಂಬಿ, ಹಿಡಿ ತಿರುಗಿಸುತ್ತಾ ಒಂದೇ ಉಸಿರಲ್ಲಿ ನಾಲ್ಕು ಸುತ್ತು ಬಿಡುತ್ತಿದ್ದರು. ಆ ವರ್ಷ ಒರಳನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು.

ಆಸ್ಪತ್ರೆಯಲ್ಲಿ ಇದ್ದಾಗ ಒಂದು ಮಾತು ಹೇಳಿದರು: "ನಾನು ಹಿಂದೆ ಕೂತಿದ್ದೆ ಅಲ್ವೇನೇ. ಹಿಂದೆ ಕೂತೋರಿಗೆ ಏನೂ ಆಗಲ್ಲ ಅಂದ್ಕೊಂಡಿದ್ದೆ."

ನಾವೆಲ್ಲರೂ ಹಾಗೇ ಅಂದುಕೊಂಡಿರುತ್ತೇವೆ. ಮಕ್ಕಳು, ವಯಸ್ಸಾದವರು, ಬಸುರಿಯರು, ಅಂದರೆ ನಾವು ಜಾಸ್ತಿ ಜೋಪಾನ ಮಾಡಬೇಕು ಅಂದುಕೊಂಡವರನ್ನೆಲ್ಲ ಹಿಂದೆ ಕೂರಿಸುತ್ತೇವೆ. ಮುಂದೆ ಕೂತವರು ಬೆಲ್ಟ್ ಹಾಕುತ್ತೇವೆ. ಹಿಂದಿನವರಿಗೆ ಹಿಂದಿರುವುದೇ ರಕ್ಷಣೆ ಅಂತ ಬಿಟ್ಟುಬಿಡುತ್ತೇವೆ.

ಕಾರು ರಿಪೇರಿ ಆಗಿ ಬಂದ ದಿನ ನಾನು ಬ್ಲೇಡ್ ತಗೊಂಡು ಹಿಂದಿನ ಸೀಟಿನ ಕವರ್ ಕೊಯ್ದೆ. ಒಳಗೆ ಕೈ ಹಾಕಿದರೆ ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ, ಮಗಳ ಹೇರ್‌ಕ್ಲಿಪ್. ಅದರ ಕೆಳಗೆ ಬಕಲ್‌ಗಳು. ಕೆಂಪು ಗುಂಡಿಯ ಮೇಲೆ ಒಂದು ಗೀರೂ ಇರಲಿಲ್ಲ. ಒಂದಕ್ಕೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡೇ ಇತ್ತು. ದುಡ್ಡು ಕೊಟ್ಟು ತಂದ ಕಾರಿನಲ್ಲಿ ಮೂರು ವರ್ಷ ಅವು ಅಲ್ಲೇ ಇದ್ದವು, ಚಿಕ್ಕಮ್ಮ ಕೂತಿದ್ದ ಜಾಗದಿಂದ ಎರಡು ಇಂಚು ಕೆಳಗೆ.

ಆಮೇಲೆ ನಾನು ಈ ಬೆಲ್ಟಿನ ಬಗ್ಗೆ ಓದೋಕೆ ಶುರು ಮಾಡಿದೆ. ತಿಂಗಳುಗಟ್ಟಲೆ ಓದಿದೆ. ರಾತ್ರಿ ನಿದ್ದೆ ಬಾರದಿದ್ದಾಗ ಮಾಡೋಕೆ ಬೇರೆ ಏನೂ ಇರಲಿಲ್ಲ.

ಭುಜದ ಮೇಲಿಂದ ಒಂದು ಪಟ್ಟಿ, ಸೊಂಟದ ಅಡ್ಡಕ್ಕೆ ಒಂದು ಪಟ್ಟಿ ಇದ್ದು, ಮೂರು ಕಡೆ ಹಿಡಿದಿಡುವ ಈಗಿನ ಬೆಲ್ಟ್ 1959ರಲ್ಲಿ ಬಂತು. ಮಾಡಿದವರು ನಿಲ್ಸ್ ಬೋಲಿನ್, ವೋಲ್ವೋ ಕಂಪನಿಯ ಎಂಜಿನಿಯರ್. ಅದಕ್ಕೂ ಮೊದಲು ಅವರು ಸಾಬ್ ಅನ್ನುವ ಕಂಪನಿಯಲ್ಲಿ ವಿಮಾನದ ಎಜೆಕ್ಷನ್ ಸೀಟ್ ಮೇಲೆ ಕೆಲಸ ಮಾಡಿದವರು. ಪೈಲಟ್‌ನನ್ನು ವಿಮಾನದಿಂದ ಹೊರಗೆ ಎಸೆಯುವ ಸೀಟು ಅದು. ಜೋರಾದ ಹೊಡೆತ ಬಿದ್ದಾಗ ಮೈ ಎಲ್ಲಿ ತಡೆದುಕೊಳ್ಳುತ್ತದೆ, ಎಲ್ಲಿ ಮುರಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಎದೆಗೂಡು ಮತ್ತು ಸೊಂಟದ ಮೂಳೆ ಗಟ್ಟಿ, ಹೊಟ್ಟೆ ಮೆತ್ತಗೆ. ಅದಕ್ಕೇ ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಬಸುರಿಯರು ಹೊಟ್ಟೆಯ ಕೆಳಗೆ ಬರುವ ಹಾಗೆ ಹಾಕಿಕೊಳ್ಳಬೇಕು. ವೋಲ್ವೋ ಇದರ ಪೇಟೆಂಟನ್ನು ಎಲ್ಲ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಈ ಸಂಗತಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಯಾರೋ ಒಬ್ಬರು ಯಾವುದೋ ದೂರದ ದೇಶದಲ್ಲಿ ಯೋಚಿಸಿ ಮಾಡಿ, ಕಂಪನಿ ಲಾಭ ಬಿಟ್ಟು ಹಂಚಿದ ವಸ್ತು. ಅದನ್ನು ನಾವು ಚುಚ್ಚುತ್ತದೆ ಅಂತ ಸೀಟಿನ ಸಂದಿಗೆ ತುರುಕಿದ್ದೆವು.

ಬೆಲ್ಟನ್ನು ನಿಧಾನಕ್ಕೆ ಎಳೆದು ನೋಡಿ. ಸಲೀಸಾಗಿ ಬರುತ್ತದೆ. ಜರ್ ಅಂತ ಎಳೆಯಿರಿ, ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕಂಬದೊಳಗಿನ ಸುರುಳಿಯಲ್ಲಿ ಹಲ್ಲುಗಳಿರುತ್ತವೆ. ಕಾರು ಗಕ್ಕನೆ ನಿಂತಾಗ ಒಳಗಿನ ಪುಟ್ಟ ಗುಂಡು ಜಾರಿ ಒಂದು ಕೊಕ್ಕೆಯನ್ನು ತಳ್ಳುತ್ತದೆ, ಕೊಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಮಗಳಿಗೆ ಇದನ್ನು ತೋರಿಸಿದೆ. ಅರ್ಧ ಗಂಟೆ ಅದನ್ನೇ ಎಳೆದು ಎಳೆದು ಆಡಿದಳು. ಆಮೇಲೆ ಅವಳಿಗೆ ಬೆಲ್ಟ್ ಹಾಕು ಅಂತ ಒಂದು ದಿನವೂ ಹೇಳಬೇಕಾಗಿ ಬಂದಿಲ್ಲ.

"ಸಿಟಿ ಒಳಗೆ ಯಾಕೆ, ಹೋಗೋದೇ ಇಪ್ಪತ್ತರಲ್ಲಿ" ಅನ್ನೋ ಮಾತು ನಮ್ಮ ಬೆಂಗಳೂರಿನಲ್ಲಿ ತುಂಬ ಕೇಳುತ್ತೇವೆ. ಸಿಲ್ಕ್ ಬೋರ್ಡಿನಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಅದು ನಿಜ ಅನ್ನಿಸುತ್ತದೆ. ಆದರೆ ಅದೇ ಕಾರು ರಾತ್ರಿ ಹನ್ನೊಂದಕ್ಕೆ ಔಟರ್ ರಿಂಗ್ ರೋಡಿನಲ್ಲಿ, ನೈಸ್ ರೋಡಿನಲ್ಲಿ, ಹೆಬ್ಬಾಳ ದಾಟಿ ಏರ್‌ಪೋರ್ಟ್ ಕಡೆ ಹೋಗುವಾಗ ಇಪ್ಪತ್ತರಲ್ಲಿ ಇರುವುದಿಲ್ಲ ಅಲ್ವಾ? ಸ್ಕೂಲಿನಲ್ಲಿ ಓದಿದ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಅಂದರೆ ಮೂರನೇ ಮಹಡಿ. ಅರವತ್ತಾದರೆ 14 ಮೀಟರ್, ನಾಲ್ಕನೇ ಮಹಡಿ. ಮಗುವನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಅನ್ನುವ ಅಮ್ಮಂದಿರಿಗೆ ಇನ್ನೊಂದು ಲೆಕ್ಕ. ಅದೇ 50ರ ವೇಗದಲ್ಲಿ ಬಂದ ಕಾರು ಅರ್ಧ ಮೀಟರಿನೊಳಗೆ ನಿಂತರೆ, ಆ ಒಂದು ಕ್ಷಣಕ್ಕೆ 10 ಕೆಜಿ ಮಗು ನಿಮ್ಮ ಕೈಗೆ ಸುಮಾರು 200 ಕೆಜಿ ಭಾರ. ನಾಲ್ಕು ಮೂಟೆ ಅಕ್ಕಿ. ಯಾವ ತಾಯಿಯ ಕೈಯೂ ಹಿಡಿಯಲಾರದು. ಅದು ಪ್ರೀತಿ ಜಾಸ್ತಿ ಕಮ್ಮಿ ಅನ್ನೋ ಮಾತಲ್ಲ.

ಏರ್‌ಬ್ಯಾಗ್ ಇದೆಯಲ್ಲ ಅನ್ನುವವರೂ ಇದ್ದಾರೆ. ಕಾರಿನೊಳಗೆ ಅದರ ಜಾಗದಲ್ಲಿ ಎಸ್‌ಆರ್‌ಎಸ್ ಅಂತ ಬರೆದಿರುತ್ತದಲ್ಲ, ಅದರಲ್ಲಿ ಮೊದಲ ಅಕ್ಷರಕ್ಕೆ ಸಪ್ಲಿಮೆಂಟಲ್ ಅಂತ ಅರ್ಥ. ಬೆಲ್ಟಿನ ಜೊತೆಗೆ ಇನ್ನಷ್ಟು ಸಹಾಯಕ್ಕೆ ಅಂತ ಇರುವುದು ಅದು. ಬೆಲ್ಟ್ ಇಲ್ಲದೆ ಮುಂದಕ್ಕೆ ನುಗ್ಗಿದ ಮೈಗೆ, ಆಗ ತಾನೇ ಸ್ಫೋಟವಾಗಿ ಉಬ್ಬುತ್ತಿರುವ ಏರ್‌ಬ್ಯಾಗೇ ಪೆಟ್ಟು ಕೊಡಬಹುದು.

ಈಗ ಕಾನೂನಿಗೆ ಬರುತ್ತೇನೆ. ಕಾನೂನಿನಿಂದ ಏನಾಗುತ್ತದೆ, ಜನಕ್ಕೇ ಬುದ್ಧಿ ಬರಬೇಕು ಅನ್ನುವ ಮಾತನ್ನು ನಾನೂ ಆಡುತ್ತಿದ್ದೆ. ಓದಿದ ಮೇಲೆ ಆಡುವುದು ಬಿಟ್ಟೆ.

ಕಾರಿನಲ್ಲಿ ಬೆಲ್ಟ್ ಹಾಕಲೇಬೇಕು ಅಂತ ಜಗತ್ತಿನಲ್ಲಿ ಮೊದಲು ಕಾನೂನು ತಂದಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರ ಡಿಸೆಂಬರ್‌ನಲ್ಲಿ. ಆ ವರ್ಷ ಅಲ್ಲಿನ ರಸ್ತೆಗಳಲ್ಲಿ 1,061 ಜನ ಸತ್ತಿದ್ದರು. ಮರುವರ್ಷವೇ ಅದು ಸಾವಿರದ ಕೆಳಗೆ ಇಳಿಯಿತು. ಬ್ರಿಟನ್ ಕತೆ ನನಗೆ ಇನ್ನೂ ಜಾಸ್ತಿ ತಟ್ಟಿತು. ಅಲ್ಲಿ ವರ್ಷಗಟ್ಟಲೆ ಟಿವಿಯಲ್ಲಿ ಬೆಲ್ಟ್ ಹಾಕಿ ಹಾಕಿ ಅಂತ ಜಾಹೀರಾತು ಬಂದರೂ ಮುಂದೆ ಕೂತವರಲ್ಲಿ ಹಾಕುತ್ತಿದ್ದವರು ನೂರಕ್ಕೆ ನಲವತ್ತು ಜನ. 1983ರ ಜನವರಿ 31ರಿಂದ ಕಡ್ಡಾಯ ಮಾಡಿದರು. ನೋಡನೋಡುತ್ತಿದ್ದಂತೆ ಆ ಸಂಖ್ಯೆ ತೊಂಬತ್ತು ದಾಟಿತು. ಅದೇ ಜನ, ಅದೇ ಕಾರು, ಅದೇ ಬೆಲ್ಟ್. ಬುದ್ಧಿ ಹೇಳಿದಾಗ ಆಗದ್ದು ಕಾನೂನು ಬಂದಾಗ ಆಯಿತು. ಆದರೆ ಅಲ್ಲೂ ಹಿಂದಿನ ಸೀಟಿನ ದೊಡ್ಡವರಿಗೆ ಕಡ್ಡಾಯವಾಗಿದ್ದು 1991ರಲ್ಲಿ, ಎಂಟು ವರ್ಷ ಆದಮೇಲೆ. ಹಿಂದಿನ ಸೀಟನ್ನು ಮರೆಯುವುದು ನಮ್ಮ ಊರಿನ ಗುಣ ಮಾತ್ರ ಅಲ್ಲ ಅಂತ ಕಾಣುತ್ತದೆ.

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ, 138ನೇ ನಿಯಮದಲ್ಲಿ, ಮುಂದೆ ಕೂತವರ ಜೊತೆ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಅಂತಿದೆ. ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ನಮಗೆ ಅಪಘಾತ ಆದಾಗ ಮೊದಲ ಸಲದ ದಂಡ 100 ರೂಪಾಯಿ. ಅದೇ 2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಕಾಯ್ದೆ ಬಂದು 1000 ರೂಪಾಯಿ ಆಯಿತು. 14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಅಂತ ಸೇರಿಸಿದರು. ಆಮೇಲೆ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಹೋದರು. ದೊಡ್ಡ ಕಾರು, ಗಟ್ಟಿ ಕಾರು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಟಿವಿಯಲ್ಲಿ ಆ ಸುದ್ದಿ ನೋಡುತ್ತಾ ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ. ಸುಮ್ನೆ ಮಣಿಕಟ್ಟು ಸವರಿಕೊಳ್ಳುತ್ತಾ ಕೂತಿದ್ದರು. ಮುಂದಿನ ತಿಂಗಳು ನಮ್ಮ ರಾಜ್ಯದಲ್ಲೂ ಕಾರಿನಲ್ಲಿರುವ ಎಲ್ಲರೂ ಬೆಲ್ಟ್ ಹಾಕಬೇಕು, ಇಲ್ಲದಿದ್ದರೆ 1000 ರೂಪಾಯಿ ಅಂತ ಪೊಲೀಸ್ ಆದೇಶ ಹೊರಟಿತು.

ಆ ವರ್ಷದ ಲೆಕ್ಕ ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಚಾಲಕರು 8,384, ಪ್ರಯಾಣಿಕರು 8,331. ಹಾಕಿದ್ದರೆ ಅಷ್ಟೂ ಜನ ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಮುಂದೆ ಕೂತವರ ಸಾವಿನ ಅಪಾಯ ಬೆಲ್ಟಿನಿಂದ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಹಿಂದೆ ಕೂತವರದ್ದು ಕಾಲು ಭಾಗದಷ್ಟು ಕಮ್ಮಿಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಆದರೂ ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸ್ಟೀರಿಂಗ್ ಹಿಡಿದವರು ಎಷ್ಟೋ, ಸುಮ್ಮನೆ ಕೂತು ಬಂದವರೂ ಹೆಚ್ಚುಕಮ್ಮಿ ಅಷ್ಟೇ.

ಬೆಲ್ಟ್ ಹಾಕಿದವರಿಗೆ ಧೈರ್ಯ ಜಾಸ್ತಿಯಾಗಿ ಇನ್ನೂ ಜೋರಾಗಿ ಓಡಿಸುತ್ತಾರೆ, ಆ ಹೊಡೆತ ರಸ್ತೆಯಲ್ಲಿ ನಡೆಯುವವರಿಗೆ ಬೀಳುತ್ತದೆ ಅಂತ ಒಂದು ವಾದ ಇದೆ. ಸ್ಯಾಮ್ ಪೆಲ್ಟ್ಸ್‌ಮನ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು 1975ರಲ್ಲಿ ಇದನ್ನು ಬರೆದರು, ಆಮೇಲೆ ದಶಕಗಳ ಕಾಲ ಜಗಳ ನಡೆಯಿತು. ನನ್ನ ಅನುಭವ ಹೇಳಬೇಕೆಂದರೆ, ಬೆಲ್ಟ್ ಹಾಕಿದ ಮೇಲೆ ಜೋರಾಗಿ ಓಡಿಸಬೇಕು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಆದರೆ ಆ ವಾದದೊಳಗೆ ಒಂದು ನಿಜ ಇದೆ. ಬೆಲ್ಟು ಕಾರಿನ ಒಳಗಿದ್ದವರನ್ನು ಮಾತ್ರ ಕಾಪಾಡುತ್ತದೆ. ಅದೇ 2022ರಲ್ಲಿ ಸತ್ತವರಲ್ಲಿ 74,897 ಜನ ಬೈಕ್, ಸ್ಕೂಟರಿನವರು. 32,825 ಜನ ನಡೆದುಕೊಂಡು ಹೋಗುತ್ತಿದ್ದವರು. ಅವರಿಗೆ ಬೇಕಾಗಿರುವುದು ಹೆಲ್ಮೆಟ್, ಫುಟ್‌ಪಾತ್, ರಸ್ತೆ ದಾಟುವ ಜಾಗ, ವೇಗಕ್ಕೆ ಕಡಿವಾಣ. ಬೆಲ್ಟ್ ಕಾನೂನು ಬಂತು, ರಸ್ತೆ ಸುರಕ್ಷತೆ ಮುಗಿಯಿತು ಅಂತ ಯಾರೂ ಕೈ ತೊಳೆದುಕೊಳ್ಳಬಾರದು.

"ನನ್ನ ಪ್ರಾಣ, ನನ್ನಿಷ್ಟ, ಸರ್ಕಾರಕ್ಕೇನು" ಅನ್ನುವವರಿಗೆ ನಮ್ಮನೆಯವರ ಎಡತೋಳು ತೋರಿಸಬೇಕು ಅನ್ನಿಸುತ್ತದೆ. ಬೆಲ್ಟ್ ಹಾಕಿದ್ದರೂ ಅವರಿಗೆ ತಿಂಗಳುಗಟ್ಟಲೆ ಕೈ ಎತ್ತಲು ಆಗಲಿಲ್ಲ. ಕಾರಣ ಲಾರಿ ಅಲ್ಲ, ಚಿಕ್ಕಮ್ಮನ ಹೆಗಲು. ಹಿಂದೆ ಬೆಲ್ಟ್ ಇಲ್ಲದೆ ಕೂತವರು ಮುಂದಿನವರ ಮೇಲೆ ಬೀಳುತ್ತಾರೆ. ಚಿಕ್ಕಮ್ಮನಿಗೆ ಈ ವಿಷಯ ಹೇಳಬೇಡಿ ಅಂತ ಇವರು ನನ್ನಿಂದ ಮಾತು ತಗೊಂಡಿದ್ದರು. ಅವರಿಗೆ ಹೇಗೋ ಗೊತ್ತಾಯಿತು. ಅದು ಅವರಿಗೆ ಕೈ ನೋವಿಗಿಂತ ಜಾಸ್ತಿ ನೋವು ಕೊಟ್ಟಿತು.

ನಮ್ಮ ಊರಿನಲ್ಲಿ ಈಗ ಮುಂದಿನ ಸೀಟು ಎಷ್ಟೋ ಸರಿಹೋಗಿದೆ. 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ವ್ಯವಸ್ಥೆ ಬಂದ ಮೇಲೆ, ಬೆಲ್ಟ್ ಇಲ್ಲದಿದ್ದರೆ ಮೊಬೈಲಿಗೇ ಚಲನ್ ಬರುತ್ತದೆ. ಮೊದಲು ಮೇಖ್ರಿ ಸರ್ಕಲ್ ಹತ್ತಿರ ಪೊಲೀಸರು ಕಂಡ ತಕ್ಷಣ ಬೆಲ್ಟನ್ನು ಎದೆ ಮೇಲೆ ಎಳೆದು ಕೈಯಲ್ಲಿ ಹಿಡಿದುಕೊಂಡು, ದಾಟಿದ ಮೇಲೆ ಬಿಡುತ್ತಿದ್ದ ಕ್ಯಾಬ್ ಡ್ರೈವರ್‌ಗಳನ್ನು ಎಷ್ಟು ಜನ ನೋಡಿದ್ದೇವೆ. ಈಗ ಬಹಳ ಜನ ಹತ್ತಿದ ಕೂಡಲೇ ಹಾಕುತ್ತಾರೆ. ಶುರುವಿನಲ್ಲಿ ದಂಡದ ಭಯ ಇತ್ತು. ಆಮೇಲೆ ಕೈಗೆ ಅಭ್ಯಾಸವಾಯಿತು. ಕಾನೂನು ಮಾಡುವ ದೊಡ್ಡ ಉಪಕಾರ ಇದೇ ಅಂತ ನನ್ನ ನಂಬಿಕೆ.

ಆದರೆ ಕ್ಯಾಮೆರಾ ನೋಡುವುದು ಮುಂದಿನ ಗಾಜಿನಿಂದ. ಹಿಂದೆ ಕೂತವರು ಅದಕ್ಕೆ ಕತ್ತಲು. ಕ್ಯಾಬ್ ಹತ್ತಿ ಹಿಂದೆ ಬೆಲ್ಟ್ ಹುಡುಕಿದರೆ ಬಕಲ್ ಸಿಗುವುದಿಲ್ಲ. ಕೇಳಿದರೆ "ಹಿಂದೆ ಕೂತೋರಿಗೆ ಕೇಸ್ ಹಾಕಲ್ಲ ಮೇಡಂ, ಆರಾಮಾಗಿ ಕೂತ್ಕೊಳಿ" ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದೇ ಅಂಗಡಿಯ ಮುಂದೆ ನಿಂತು "ಸರಿ" ಅಂದವಳು. ಆದರೆ ಹಳದಿ ಬೋರ್ಡ್ ಗಾಡಿಗಳು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಬಂದಾಗ ಹಿಂದಿನ ಬಕಲ್‌ಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಮುಚ್ಚಿಹೋಗಿದ್ದರೆ ತೆಗೆಸಿ ಕಳಿಸಬೇಕು. ಐದು ನಿಮಿಷದ ಕೆಲಸ. ಸೀಟ್ ಕವರ್ ಹೊಲಿಯುವವರು ಆ ಜಾಗದಲ್ಲಿ ಸೀಳು ಬಿಡಬೇಕು. ಒಂದು ಕತ್ತರಿಯ ಕೆಲಸ.

ಬೆಲ್ಟ್ ಹಾಕದೆಯೂ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್‌ಗಳು ಬಂದಿದ್ದವಲ್ಲ, ಬಕಲ್‌ಗೆ ಸಿಕ್ಕಿಸುವ ಖಾಲಿ ನಾಲಿಗೆ, ಅದನ್ನು ಆನ್‌ಲೈನ್‌ನಲ್ಲಿ ಮಾರಬಾರದು ಅಂತ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಮಾಡಿತು. ಅಂಥ 13,118 ಮಾರಾಟದ ಪಟ್ಟಿಗಳನ್ನು ತೆಗೆಸಿದರು. ನಿಮ್ಮ ಕಾರಿನಲ್ಲಿ ಇನ್ನೂ ಒಂದು ಇದ್ದರೆ ದಯವಿಟ್ಟು ಇವತ್ತೇ ಕಿತ್ತು ಎಸೆಯಿರಿ.

ಈಗ ನಮ್ಮ ಕಾರು ಹೊರಡುವ ಮೊದಲು ಮಗಳು ಕ್ಲಿಕ್ ಎಣಿಸುತ್ತಾಳೆ. ಮೂರು ಜನ ಇದ್ದರೆ ಮೂರು, ನಾಲ್ಕು ಜನ ಇದ್ದರೆ ನಾಲ್ಕು. ಮದುವೆಗೆ, ಗೃಹಪ್ರವೇಶಕ್ಕೆ ಅಂತ ನೆಂಟರು ಹತ್ತಿದಾಗ ಸ್ವಲ್ಪ ಮುಜುಗರ ಆಗುತ್ತದೆ. "ಇಲ್ಲೇ ಅಲ್ವೇನಮ್ಮಾ, ಬನಶಂಕರಿಗೆ ತಾನೇ" ಅಂತಾರೆ. ಸೀರೆ ನೆರಿಗೆ ಕೆಡುತ್ತದೆ ಅಂತಾರೆ. ನಾವು ಕಾಯುತ್ತೇವೆ. ಇಂಜಿನ್ ಶುರು ಮಾಡುವುದಿಲ್ಲ. ಒಬ್ಬರು ಮಾವ ಒಂದು ಸಲ ಬೇಜಾರು ಮಾಡಿಕೊಂಡು ಇಳಿದು ಆಟೋದಲ್ಲಿ ಹೋದರು. ಮುಂದಿನ ಸಲ ತಾವೇ ಹಾಕಿಕೊಂಡರು.

ಕಳೆದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ತಿಪಟೂರಿಗೆ ಹೋಗಬೇಕು, ಯಾವಾಗ ಹೊರಡೋಣ ಅಂತ. ಎಲ್ಲ ಮಾತಾಡಿ ಇಡುವ ಮೊದಲು ಹೇಳಿದರು: "ನೋಡೇ, ಡ್ರೈವರ್ ಹಿಂದಿನ ಸೀಟು ನಂಗಿರ್ಲಿ. ಆ ಕಡೆ ಬಕಲ್ ಎಡಗೈಗೆ ಸಿಗತ್ತೆ. ಈ ಕಡೆ ಕೂತ್ರೆ ಬಲಗೈ ತಿರುಗಿಸಬೇಕು, ನಂಗಾಗಲ್ಲ."